ಬಚ್ಚಲಿಗೆ ಗಾಳಿ ಬೇಕು



ನಮ್ಮ ಲೈನುಗಳಲ್ಲಿ ಶನಿವಾರ ಸಂಜೆ ಎಂದರೆ ಸ್ನಾನದ ಸಂಜೆ. ವಾರವಿಡೀ ಟೀ ಸೊಪ್ಪು ಕಿತ್ತ ಕೈಗಳ ಕರೆ ತೊಳೆದು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಭಾನುವಾರದ ಪೂಜೆಗೆ ಸಿದ್ಧರಾಗುವ ಹೊತ್ತು. ಮೊದಲು ಮನೆಯ ಯಜಮಾನ, ಅನಂತರ ಮುದುಕರು, ಆಮೇಲೆ ಮಕ್ಕಳು. ಎಲ್ಲರದೂ ಮುಗಿದು, ಒಲೆಯ ಮೇಲಿನ ಸಾರು ಇಳಿಸಿದ ಮೇಲೆ ತಾಯಿ. ಈ ಕ್ರಮವನ್ನು ಹುಟ್ಟಿದಾಗಿನಿಂದ ಕಂಡಿದ್ದೇವೆ, ಯಾರೂ ಪ್ರಶ್ನೆ ಮಾಡಿದ್ದಿಲ್ಲ. ಹಂಡೆಯ ಕಾಲದಲ್ಲಿ ಇದರಿಂದ ಆಗುತ್ತಿದ್ದ ನಷ್ಟ ಇಷ್ಟೇ: ತಾಯಿಯ ಪಾಲಿನ ನೀರು ಆರಿ ಉಗುರುಬೆಚ್ಚಗಾಗಿರುತ್ತಿತ್ತು. ಗ್ಯಾಸ್ ಗೀಸರ್ ಬಂದ ಮೇಲೆ ಹಾಗಲ್ಲ. ಕೊನೆಗೆ ಸ್ನಾನಕ್ಕೆ ಹೋದವರಿಗೂ ನೀರು ಸುಡುವಷ್ಟು ಬಿಸಿ ಇರುತ್ತದೆ. ಉಸಿರಾಡುವ ಗಾಳಿ ಮಾತ್ರ ಉಳಿದಿರುವುದಿಲ್ಲ.

ಇದನ್ನು ನಾವು ಪುಸ್ತಕ ಓದಿ ಬರೆಯುತ್ತಿಲ್ಲ. ಕಳೆದ ಆಗಮನ ಕಾಲದಲ್ಲಿ, ನಾವು ಉಪದೇಶಿಯಾಗಿ ಹೋಗಿಬರುವ ನೀಲಗಿರಿಯ ಒಂದು ತೋಟದ ಲೈನಿನಲ್ಲಿ, ಶನಿವಾರ ರಾತ್ರಿ ಒಬ್ಬ ತಾಯಿ ಬಚ್ಚಲಿಗೆ ಹೋದರು. ಮಗಳು ಹೊರಗೆ ಮೆಟ್ಟಿಲ ಮೇಲೆ ಪಾಠ ಓದುತ್ತಿದ್ದಳು. ಸ್ವಲ್ಪ ಹೊತ್ತಿಗೆ ಚೊಂಬಿನ ಸದ್ದು ನಿಂತಿತು, ಬಕೆಟಿಗೆ ಬೀಳುವ ನೀರಿನ ಸದ್ದು ಮಾತ್ರ ಉಳಿಯಿತು. "ಅಮ್ಮಾ" ಎಂದು ಎರಡು ಸಲ ಕೂಗಿದಳು, ಉತ್ತರವಿಲ್ಲ. ತಂದೆಯೂ ಪಕ್ಕದ ಮನೆಯ ಹುಡುಗನೂ ಸೇರಿ ತಗಡಿನ ಬಾಗಿಲನ್ನು ಒದ್ದು ತೆರೆದರು. ಹೊರಗಿನ ಚಳಿಗಾಳಿಗೆ ತಂದು ಮಲಗಿಸಿದ ಮೇಲೆ ಆ ಅಕ್ಕ ವಾಂತಿ ಮಾಡಿ ಕಣ್ಣು ಬಿಟ್ಟರು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲಾ ಆಮ್ಲಜನಕ ಕೊಟ್ಟರು. ದೇವರ ದಯೆಯಿಂದ ಬದುಕಿದರು.

ಆದರೆ ಅದಕ್ಕೆ ಮೊದಲು ನಾಲ್ಕು ವಾರದಿಂದ ಆ ಅಕ್ಕ ನಮ್ಮೊಡನೆ ಹೇಳುತ್ತಲೇ ಇದ್ದರು. "ಉಪದೇಶಿ ಅಣ್ಣಾ, ಶನಿವಾರ ರಾತ್ರಿ ಆದರೆ ಸಾಕು, ತಲೆ ಸಿಡಿಯುತ್ತದೆ. ಹೊಟ್ಟೆ ತೊಳಸುತ್ತದೆ. ಬೆಳಿಗ್ಗೆ ಪೂಜೆಯಲ್ಲಿ ನಿಲ್ಲಲು ಆಗುವುದಿಲ್ಲ." ನಾವು ಪ್ರಾರ್ಥನೆ ಮಾಡಿದೆವು. ಆಯಾಸ ಎಂದೆವು. ಕಣ್ಣು ತೋರಿಸಿಕೊಳ್ಳಿ ಎಂದೂ ಹೇಳಿದೆವು. ಪ್ರಾರ್ಥಿಸಿದ್ದು ತಪ್ಪಲ್ಲ. ಆದರೆ ವಾರದಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಕೆಲಸದ ಹಿಂದೆಯೇ ಬರುವ ತಲೆನೋವು ಏಕೆ ಬರುತ್ತದೆಂದು ನಾವು ಕೇಳಲಿಲ್ಲವಲ್ಲ, ಅದು ನಮ್ಮ ತಪ್ಪು. ಅದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತೇವೆ.

ಮಾರನೆಯ ದಿನ ಹೋಗಿ ಬಚ್ಚಲನ್ನು ನೋಡಿದೆವು. ನಾಲ್ಕಡಿ ಅಗಲ, ಐದಡಿ ಉದ್ದ, ಏಳಡಿ ಎತ್ತರ. ಒಂದಡಿಯ ಕಿಟಕಿ ಇತ್ತು, ಮಂಜು ಬರುತ್ತದೆಂದು ಅದಕ್ಕೆ ಗೋಣಿ ತುರುಕಿ ಮೇಲೆ ಪ್ಲಾಸ್ಟಿಕ್ ಹೊಡೆದಿದ್ದರು. ಗೀಸರಿನ ಮೇಲ್ಭಾಗದಲ್ಲಿ ಮಸಿ ಹಿಡಿದಿತ್ತು. ಕಿಟಕಿ ಬಾಗಿಲು ತೆಗೆದಿಟ್ಟು ಒಂದು ಕ್ಷಣ ಹಚ್ಚಿ ನೋಡಿದರೆ ಉರಿ ಹಳದಿಯಾಗಿ ನಾಲಿಗೆ ಚಾಚುತ್ತಿತ್ತು. "ಒಂದು ತಿಂಗಳಿಂದ ಉರಿ ಮೊದಲಿಗಿಂತ ದೊಡ್ಡದಾಗಿ ಬರುತ್ತಿತ್ತು, ಒಳ್ಳೆಯದಾಯಿತು ಎಂದುಕೊಂಡೆ" ಎಂದರು ಆ ಮನೆಯ ಯಜಮಾನರು.

ಈಗ ಒಂದು ಲೆಕ್ಕ ಮಾಡೋಣ. ಒಂದು ಕಿಲೋ ಗ್ಯಾಸ್ ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 15 ಕಿಲೋ ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಹತ್ತು ನಿಮಿಷ ಉರಿದರೆ ಸುಮಾರು 150 ಗ್ರಾಂ ಗ್ಯಾಸ್ ಖರ್ಚಾಗುತ್ತದೆ. ಅದಕ್ಕೆ ಬೇಕಾದದ್ದು ಎರಡು ಕಿಲೋಗೂ ಮೇಲೆ ಗಾಳಿ. ಮೇಲೆ ಹೇಳಿದ ಅಳತೆಯ ಬಚ್ಚಲಿನಲ್ಲಿರುವ ಒಟ್ಟು ಗಾಳಿಯ ತೂಕ ನಾಲ್ಕು ಕಿಲೋ ಆದೀತು. ನಮ್ಮ ಬೆಟ್ಟದ ಮೇಲೆ ಗಾಳಿಯೇ ತೆಳು. ಕೂನೂರಿನ ಎತ್ತರದಲ್ಲಿ ಅದು ಸಮುದ್ರದ ದಡಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಹೀಗಿರಲು ಒಬ್ಬರ ಸ್ನಾನಕ್ಕೇ ಆ ಕೋಣೆಯ ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು ಉರಿ ಕೇಳುತ್ತದೆ. ಐದು ಜನರ ಸ್ನಾನ ಒಂದರ ಹಿಂದೆ ಒಂದು ಆದರೆ ಐದನೆಯವರ ಗತಿ ಏನು?

ಗಾಳಿ ಸಾಲದಾದಾಗ ಉರಿ ಥಟ್ಟನೆ ಆರುವುದಿಲ್ಲ. ಅರೆಬರೆ ಉರಿಯುತ್ತದೆ, ಆಗ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಿನ ಶಕ್ತಿ ಹೋಗುತ್ತದೆ. ಬಾಗಿಲು ತೆರೆಯಬೇಕೆಂದು ಬುದ್ಧಿಗೆ ತೋರುವ ಹೊತ್ತಿಗೆ ಚಿಲಕದ ತನಕ ಕೈ ಏಳುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಸ್ನಾನದ ಮನೆಯಲ್ಲಿ ಫಿಟ್ಸ್ ಬಂದವರ ವಿಷಯದಲ್ಲಿ ಗ್ಯಾಸ್ ಗೀಸರೇ ಕಾರಣವೆಂದು ನಮ್ಮ ದೇಶದ ನರರೋಗ ತಜ್ಞರು ವೈದ್ಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ನಮ್ಮ ಲೈನುಗಳಲ್ಲಿ ಮಾತ್ರ ಇದಕ್ಕೆ ಬಿಪಿ ಎನ್ನುತ್ತಾರೆ, ಉಪವಾಸದ ನಿಶ್ಶಕ್ತಿ ಎನ್ನುತ್ತಾರೆ, ಗಾಳಿ ಸೋಕಿತು ಎಂದೂ ಹೇಳುತ್ತಾರೆ. ಗಾಳಿ ಸೋಕಿದ್ದರೆ ಬದುಕುತ್ತಿದ್ದರು!

ಚಳಿಗೆ ಕೆಂಡದ ಬಾಂಡಲೆಯನ್ನು ಒಳಗಿಟ್ಟು ಬಾಗಿಲು ಹಾಕಿ ಮಲಗುವ ಮನೆಗಳಲ್ಲಿ ಆಗುವುದೂ ಇದೇ ವಿಷದ ಕೆಲಸ.

ಹಾಗಾದರೆ ಗೀಸರನ್ನು ಕಿತ್ತು ಬಿಸಾಡಿ ಎನ್ನುವುದು ನಮ್ಮ ಅಭಿಪ್ರಾಯವೇ? ಅಲ್ಲ. ಹಾಗೆ ಹೇಳುವವರು ಸೌದೆ ಹೊತ್ತವರಲ್ಲ. ದಿನವಿಡೀ ಇಳಿಜಾರಿನಲ್ಲಿ ನಿಂತು ಸೊಪ್ಪು ಕಿತ್ತ ಹೆಂಗಸು ಸಂಜೆ ಕಾಡಿನ ಅಂಚಿಗೆ ಹೋಗಿ ಪುಳ್ಳೆ ಆರಿಸಿ ತಂದು, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಹಂಡೆ ಕಾಯಿಸಬೇಕು. ಗೂಡಲೂರು, ಪಂದಲೂರು ಕಡೆ ಆನೆಯ ಭಯ, ಇತ್ತ ಕಾಟಿಯ ಭಯ. ಬೋನಸ್ ಹಣದಲ್ಲಿ ಒಂದು ಗೀಸರ್ ತಂದವನು ಹೆಂಡತಿಯ ಬೆನ್ನಿನ ಹೊರೆ ಇಳಿಸಿದ್ದಾನೆ, ಅದು ಒಳ್ಳೆಯ ಕೆಲಸವೇ. ತೊಂದರೆ ಏನೆಂದರೆ ಪೆಟ್ಟಿಗೆಯೊಳಗಿನ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಕೂರಿಸಲು ಬಂದ ಹುಡುಗ ತಮಿಳಿನಲ್ಲಿ ಎರಡು ಮಾತು ಹೇಳಿ ಹೋಗುತ್ತಾನೆ. ಕನ್ನಡ ಮಾತ್ರ ಓದಬಲ್ಲ ನಮ್ಮ ಹಿರಿಯರಿಗೆ, ತಾಯಂದಿರಿಗೆ ಹೇಳಿದವರು ಯಾರು? ಆದುದರಿಂದ ಗೀಸರಿನಲ್ಲಿ ಸಾಮಾನ್ಯವಾಗಿ ಬರುವ ತೊಂದರೆಗಳ ಬಗ್ಗೆ ನಾವು ಮೆಕಾನಿಕರಿಂದ ಕೇಳಿ ತಿಳಿದುದನ್ನು, ಕಣ್ಣಾರೆ ಕಂಡುದನ್ನು ಇಲ್ಲಿ ಬರೆಯುತ್ತೇವೆ.

ಗೀಸರಿನ ತೊಂದರೆ ಎರಡು ಬಗೆ. ಒಂದು ನಮ್ಮನ್ನು ಕಾಡುವಂಥದು, ಅದನ್ನು ನಾವು ಅಂದೇ ಸರಿಮಾಡಿಸುತ್ತೇವೆ. ಇನ್ನೊಂದು ಸದ್ದಿಲ್ಲದೆ ಕೊಲ್ಲುವಂಥದು, ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಹತ್ತುವುದೇ ಇಲ್ಲ ಎಂಬುದು ಮೊದಲನೆಯ ದೂರು. ಸಾಮಾನ್ಯವಾಗಿ ಕೆಳಗಿನ ಎರಡು ದೊಡ್ಡ ಟಾರ್ಚ್ ಸೆಲ್ಲುಗಳು ಮುಗಿದಿರುತ್ತವೆ. ಎರಡನ್ನೂ ಒಟ್ಟಿಗೆ ಬದಲಾಯಿಸಿ, ಹಳೆಯದೊಂದು ಹೊಸದೊಂದು ಹಾಕಬೇಡಿ. ಸೆಲ್ ಸರಿಯಿದ್ದರೆ ನೀರಿನ ಒತ್ತಡ ನೋಡಿ. ಗೀಸರಿನೊಳಗೆ ಗ್ಯಾಸಿನ ದಾರಿಯನ್ನು ತೆರೆಯುವುದೇ ನೀರಿನ ಒತ್ತಡ. ನಮ್ಮ ಲೈನುಗಳಿಗೆ ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಬರುವುದು, ಸಂಜೆ ಎಲ್ಲರೂ ನಲ್ಲಿ ತಿರುಗಿಸಿದಾಗ ಒತ್ತಡ ಬಿದ್ದುಹೋಗುತ್ತದೆ. ಮಳೆಗಾಲದ ಕೆಸರು ನೀರಿನಿಂದ ಗೀಸರಿಗೆ ನೀರು ಸೇರುವ ಕಡೆಯ ಸಣ್ಣ ಜಾಲರಿ ಕಟ್ಟಿಕೊಳ್ಳುವುದೂ ಉಂಟು. ಸಿಲಿಂಡರನ್ನೂ ನೀರನ್ನೂ ಮುಚ್ಚಿ, ಆ ಜಾಲರಿ ಬಿಚ್ಚಿ ತೊಳೆದು ಹಾಕಬಹುದು. ಮನೆಯವರು ಮಾಡಬಹುದಾದ ರಿಪೇರಿ ಇಲ್ಲಿಗೆ ಮುಗಿಯಿತು. ಕಡಿಮೆ ನೀರಿಗೂ ಹತ್ತುವಂತೆ ಮಾಡಿಕೊಡುತ್ತೇನೆಂದು ಒಳಗಿನ ಸ್ಪ್ರಿಂಗು, ಸ್ವಿಚ್ಚುಗಳನ್ನು ಬದಲಾಯಿಸುವ ಕೆಲವರು ಲೈನಿಗೆ ಬರುತ್ತಾರೆ. ಅವರನ್ನು ಒಳಗೆ ಬಿಡಬೇಡಿ. ನೀರು ನಿಂತ ಮೇಲೂ ಉರಿ ನಿಲ್ಲದಿದ್ದರೆ ಒಳಗಿನ ನೀರು ಕುದಿದು ಆವಿಯಾಗುತ್ತದೆ.

ಟಿಕ್ ಟಿಕ್ ಎಂದು ಕಿಡಿ ಬರುತ್ತದೆ, ಹತ್ತುವುದಿಲ್ಲ, ಮತ್ತೆ ಮತ್ತೆ ತಿರುಗಿಸುತ್ತೇವೆ, ಕೊನೆಗೆ 'ಧಡ್' ಎಂದು ಹತ್ತುತ್ತದೆ. ಆ ಸದ್ದು ಸೇರಿಕೊಂಡಿದ್ದ ಗ್ಯಾಸಿನದು. ಮೂರನೆಯ ಸಲಕ್ಕೂ ಹತ್ತದಿದ್ದರೆ ಸಿಲಿಂಡರಿನ ಬಳಿ ಮುಚ್ಚಿ, ಬಾಗಿಲು ತೆರೆದು, ಹತ್ತು ನಿಮಿಷ ಬಿಡಿ. ಪ್ರತಿ ದಿನವೂ ಸದ್ದು ಬರುತ್ತಿದ್ದರೆ ಮೆಕಾನಿಕ್ ನೋಡುವ ತನಕ ಹಚ್ಚಲೇಬೇಡಿ.

ನಮ್ಮ ಬೆಟ್ಟದ ವಿಶೇಷ ತೊಂದರೆಯೊಂದಿದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಸಿಲಿಂಡರ್ ಮುಗಿಯುತ್ತಾ ಬಂದಾಗ ಒಳಗೆ ಗ್ಯಾಸ್ ಇದ್ದೂ ಆವಿಯಾಗಿ ಮೇಲೆ ಬರುವುದಿಲ್ಲ, ಉರಿ ಸೋತುಹೋಗುತ್ತದೆ. ಆಗ ಸಿಲಿಂಡರನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸುವವರನ್ನು, ಒಲೆಯ ಪಕ್ಕಕ್ಕೆ ಸರಿಸುವವರನ್ನು, ಅಡ್ಡ ಮಲಗಿಸುವವರನ್ನು ಕಂಡಿದ್ದೇವೆ. ಮಿಕ್ಕ ಅರ್ಧ ಕಿಲೋ ಗ್ಯಾಸಿಗಾಗಿ ಇಡೀ ಲೈನನ್ನು ಪಣಕ್ಕಿಟ್ಟಂತೆ ಅದು.

ಸ್ನಾನದ ನಡುವೆ ತಾನಾಗಿ ಆರಿಹೋಗುತ್ತದೆ ಎಂದು ಗೊಣಗುವವರು ಬಹಳ. ಅನೇಕ ಗೀಸರುಗಳು 20 ನಿಮಿಷಕ್ಕೆ ತಾವಾಗಿ ಆರುವಂತೆ ಮಾಡಿರುತ್ತಾರೆ. ಕೆಲವದರಲ್ಲಿ ಆಮ್ಲಜನಕ ಕಡಿಮೆಯಾದರೆ ಆರಿಸುವ ಸಾಧನವೂ ಇದೆ. ಅದು ಕೆಟ್ಟುಹೋದದ್ದಲ್ಲ, ನಮ್ಮನ್ನು ಹೊರಗೆ ಕರೆಯುವ ದನಿ. ಆರಿದ ತಕ್ಷಣ ಮತ್ತೆ ಹಚ್ಚಿ ಅಲ್ಲೇ ನಿಲ್ಲುವುದೂ, ಆ ಸಾಧನದ ತಂತಿ ಕತ್ತರಿಸುವುದೂ ಆತ್ಮಹತ್ಯೆಗೆ ಸಮಾನ.

ಗ್ಯಾಸಿನ ವಾಸನೆ ಬಂದರೆ ಏನು ಮಾಡಬೇಕೆಂದು ಅಡಿಗೆಯ ಒಲೆಯಿಂದಲೇ ಎಲ್ಲರೂ ಕಲಿತಿದ್ದೀರಿ: ಸ್ವಿಚ್ ಮುಟ್ಟದಿರುವುದು, ರೆಗ್ಯುಲೇಟರ್ ಮುಚ್ಚುವುದು, ಬಾಗಿಲು ತೆರೆಯುವುದು, ಹೊರಗೆ ಬಂದು 1906ಕ್ಕೆ ಫೋನ್ ಮಾಡುವುದು. ಸೋರಿಕೆಯನ್ನು ಸೋಪಿನ ನೊರೆಯಿಂದ ನೋಡಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ. ಟ್ಯೂಬನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು, ಇಲಿ ಕಚ್ಚಿದ್ದರೆ ಅಂದೇ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ಅದು ನೆಲದ ಮೇಲೆ, ಬಚ್ಚಲ ಮೋರಿಯಲ್ಲಿ ಕೂರುತ್ತದೆ. ಆದಕಾರಣ ಸಿಲಿಂಡರ್ ಬಚ್ಚಲೊಳಗೆ ಇರಲೇಬಾರದು. ಆದರೆ ಇಲ್ಲೊಂದು ಮೋಸವಿದೆ. ಸೋರುವ ಗ್ಯಾಸಿಗೆ ವಾಸನೆ ಇದೆ, ಉರಿಯಿಂದ ಹುಟ್ಟುವ ವಿಷಕ್ಕೆ ಇಲ್ಲ. ವಾಸನೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ನಂಬಿದವರೇ ಬೀಳುತ್ತಾರೆ.

ಆ ವಿಷದ ಗುರುತು ಕಣ್ಣಿಗೆ ಕಾಣುವುದು ಎರಡೇ ಕಡೆ. ಒಂದು, ಉರಿಯ ಬಣ್ಣ. ನೀಲಿಯಾಗಿ ಚುರುಕಾಗಿ ನಿಂತರೆ ಸರಿ, ಹಳದಿಯಾಗಿ ಅಲ್ಲಾಡಿದರೆ ತಪ್ಪು. ಇನ್ನೊಂದು, ಗೀಸರಿನ ಮೇಲ್ಭಾಗದಲ್ಲಾಗಲಿ ಗೋಡೆಯಲ್ಲಾಗಲಿ ಹಿಡಿದ ಮಸಿ. ಬರ್ನರಿಗೆ ಧೂಳು, ಜೇಡರ ಬಲೆ ಕಟ್ಟಿದರೆ ಹೀಗಾಗುತ್ತದೆ. ಅದನ್ನು ಬಿಚ್ಚಿ ಶುದ್ಧ ಮಾಡುವುದು ತಿಳಿದ ಮೆಕಾನಿಕರ ಕೆಲಸ, ವರ್ಷಕ್ಕೊಮ್ಮೆ ಮಾಡಿಸಬೇಕು. ಆದರೆ ಉರಿ ನೀಲಿಯಾಗಿದ್ದರೂ ಮುಚ್ಚಿದ ಕೋಣೆಯಲ್ಲಿ ಭರವಸೆ ಇಲ್ಲ. ಮೊದಲನೆಯವರ ಸ್ನಾನಕ್ಕೆ ನೀಲಿ ಇದ್ದದ್ದು ಐದನೆಯವರ ಹೊತ್ತಿಗೆ ಹಳದಿಯಾಗಬಹುದು.

ಇದಕ್ಕೆ ಖಂಡಿತವಾದ ಪರಿಹಾರ ಒಂದೇ. ಗೀಸರ್ ಬಚ್ಚಲ ಹೊರಗಿರಬೇಕು, ಗೋಡೆಯ ಆಚೆ ಸೂರಿನ ಕೆಳಗೆ, ಪಕ್ಕದ ಮನೆಯ ಕಿಟಕಿಗೆ ದೂರವಾಗಿ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪು ಮಾತ್ರ. ಅಲ್ಲಿಯ ತನಕ ಕಾಸು ಖರ್ಚಿಲ್ಲದ ದಾರಿಯೊಂದಿದೆ: ಬಾಗಿಲು ಪೂರ್ತಿ ತೆರೆದಿಟ್ಟು ಎರಡು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಉರಿ ಇರುವಾಗ ಬಾಗಿಲು ಹಾಕಬಾರದು, ಬಾಗಿಲು ಹಾಕಿದಾಗ ಉರಿ ಇರಬಾರದು. ಕಿಟಕಿಯ ಗೋಣಿಯನ್ನು ಇಂದೇ ತೆಗೆಯಿರಿ. ಚಳಿ ಆಗುತ್ತದೆ, ನಿಜ.

ಬಾಗಿಲಿಗೆ ಚಿಲಕ ಹಾಕಬೇಡಿ ಎಂದು ಕೆಲವರು ಬೋಧಿಸುತ್ತಾರೆ. ಗಂಡಸರಿಗೆ ಹಾಗೆ ಹೇಳುವುದು ಸುಲಭ. ಸಂಬಳದ ರಾತ್ರಿ ಕುಡಿದವರು ಓಡಾಡುವ ಲೈನಿನಲ್ಲಿ ಹೆಣ್ಣುಮಕ್ಕಳು ಚಿಲಕವಿಲ್ಲದೆ ಸ್ನಾನ ಮಾಡಲಾರರು. ಹೊರಗಿನಿಂದ ಚಾಕು ತೂರಿಸಿ ಎತ್ತಬಹುದಾದ ಚಿಲಕ ಹಾಕಿಸಿ, ಮನೆಯವರು ಒಬ್ಬರು ಮೆಟ್ಟಿಲ ಮೇಲೆ ಕುಳಿತು ಆಗಾಗ ಕೂಗಿ ಮಾತನಾಡಿಸಿ. ಆ ಹುಡುಗಿ ಪುಸ್ತಕ ಹಿಡಿದು ಅಲ್ಲಿ ಕುಳಿತಿರದಿದ್ದರೆ ನಾವು ಈ ಲೇಖನವನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು.

ಯಾರಾದರೂ ಬಿದ್ದರೆ, ಉಸಿರು ಬಿಗಿಹಿಡಿದು ಒಳಗೆ ಹೋಗಿ ಹೊರಗೆ ಎಳೆಯಿರಿ, ಇನ್ನೊಬ್ಬರು ಸಿಲಿಂಡರ್ ಮುಚ್ಚಲಿ. ಬಟ್ಟೆ ಉಡಿಸಲು ಅಲ್ಲಿ ನಿಲ್ಲಬೇಡಿ, ಹೊರಗೆ ತಂದು ಕಂಬಳಿ ಹೊದಿಸಿದರೆ ಸಾಕು. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಗ್ಯಾಸ್ ಗೀಸರ್ ಇದ್ದ ಬಚ್ಚಲಲ್ಲಿ ಬಿದ್ದದ್ದು" ಎಂದಿರಲಿ. ಕೊರೋನಾ ಕಾಲದಲ್ಲಿ ಬೆರಳಿಗೆ ಹಾಕಿ ನೋಡುತ್ತಿದ್ದ ಸಣ್ಣ ಯಂತ್ರ ಈ ವಿಷವನ್ನು ಆಮ್ಲಜನಕವೆಂದೇ ಎಣಿಸಿ, ಎಲ್ಲಾ ಸರಿಯಿದೆಯೆಂದು ತೋರಿಸಬಹುದು. ಅದನ್ನು ನಂಬಿ ಮನೆಗೆ ಮರಳಬೇಡಿ.

ಇಷ್ಟು ಹೇಳಿ ಎಲ್ಲಾ ಹೊಣೆಯನ್ನೂ ಕೂಲಿಕಾರರ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ಬಚ್ಚಲನ್ನು ಕಟ್ಟಿದವರು ಯಾರು? ತೋಟದ ಕಾರ್ಮಿಕರಿಗೆ ಮನೆ ಕೊಟ್ಟು ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಕರ್ತವ್ಯವೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ತೋಟದವರು ಕೊಟ್ಟ ಮನೆ ಕುಸಿದು ಕಾರ್ಮಿಕರಾಗಲಿ ಅವರ ಮನೆಯವರಾಗಲಿ ಸತ್ತರೆ, ಗಾಯಗೊಂಡರೆ, ಮಾಲೀಕರು ಪರಿಹಾರ ಕೊಡಬೇಕೆಂದು 1981ರ ತಿದ್ದುಪಡಿ ಸೇರಿಸಿತು. 2020ರಲ್ಲಿ ಮಾಡಿದ ಹೊಸ ಸಂಹಿತೆಗಳು 2025ರ ನವೆಂಬರಿನಲ್ಲಿ ಜಾರಿಗೆ ಬಂದು ಆ ಹಳೆಯ ಕಾಯ್ದೆ ಹೋಯಿತು. ಆದರೂ ಮನೆ ಕೊಡುವ ಹೊಣೆಯಾಗಲಿ, ಕುಸಿತದ ಪರಿಹಾರವಾಗಲಿ ಹೋಗಿಲ್ಲ. ಗೋಡೆ ಬಿದ್ದು ಸತ್ತರೆ ಕಾನೂನು ಕಾಣುತ್ತದೆ. ಗೋಡೆ ಗಟ್ಟಿಯಾಗಿ ನಿಂತು ಅದರಲ್ಲಿ ಗಾಳಿಗೆ ಕಿಂಡಿಯೇ ಇಲ್ಲದೆ ಸತ್ತರೆ?

ತೋಟದ ಆಫೀಸಿನ ಉತ್ತರ ನಮಗೆ ಗೊತ್ತು. "ಗೀಸರ್ ನಿಮ್ಮದು, ನೀವೇ ತಂದದ್ದು." ಸರಿ, ಗೀಸರ್ ನಮ್ಮದು. ಗೋಡೆ ನಿಮ್ಮದು, ಅದರಲ್ಲಿ ಕಿಂಡಿ ಕೊರೆಯಲು ಹೋದರೆ ಕಟ್ಟಡ ಕೆಡಿಸಿದಿರಿ ಎಂದು ನೋಟೀಸು ಕೊಡುವವರೂ ನೀವೇ. ಮೋಶೆಯ ಧರ್ಮಶಾಸ್ತ್ರದಲ್ಲಿ, ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನಿಗೆ ಒಂದು ಆಜ್ಞೆಯಿದೆ: ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಇಲ್ಲವಾದರೆ ಅಲ್ಲಿಂದ ಬಿದ್ದು ಸತ್ತವನ ರಕ್ತ ಆ ಮನೆಯ ಮೇಲೆ ಬರುತ್ತದೆ. ಬಿದ್ದವನು ನೋಡಿಕೊಂಡು ನಡೆಯಬೇಕಾಗಿತ್ತು ಎಂದು ಆ ಆಜ್ಞೆ ವಾದಿಸುವುದಿಲ್ಲ. ಮನೆ ಕಟ್ಟಿದವನನ್ನೇ ಕೇಳುತ್ತದೆ.

ಯೂನಿಯನ್ನೂ ಇದರಲ್ಲಿ ನಿರಪರಾಧಿಯಲ್ಲ. ಅದರ ಸ್ವಯಂಸೇವಕರಾಗಿ ಎಷ್ಟೋ ವರ್ಷ ಬೇಡಿಕೆ ಪಟ್ಟಿಗಳನ್ನು ಬರೆದ ಕೈ ನಮ್ಮದೇ. ಕೂಲಿ ಬರೆದೆವು, ಬೋನಸ್ ಬರೆದೆವು, ಕಂಬಳಿ ಬರೆದೆವು, ಸೋರುವ ಸೂರು ಬರೆದೆವು. ಬಚ್ಚಲಿನ ಕಿಂಡಿಯನ್ನು ಒಮ್ಮೆಯೂ ಬರೆಯಲಿಲ್ಲ. ಪಟ್ಟಿ ಬರೆಯಲು ಕುಳಿತವರೆಲ್ಲಾ ಮೊದಲು ಸ್ನಾನ ಮಾಡುವವರು.

ಈ ಸಲ ಬರೆದಿದ್ದೇವೆ. ಪ್ರತಿ ಬಚ್ಚಲಿಗೆ ಮೇಲೊಂದು ಕೆಳಗೊಂದು, ಮುಚ್ಚಲಾಗದ ಜಾಲಿಯ ಕಿಂಡಿ. ಗೀಸರ್ ಇರುವ ಮನೆಗಳಿಗೆ ಹಿಂದಿನ ಗೋಡೆಯ ಹೊರಗೆ ಅದನ್ನು ತೂಗುಹಾಕಲು ತಗಡಿನ ಸಣ್ಣ ಸೂರು. ಗೋಡೆಯಲ್ಲಿ ಪೈಪಿನ ತೂತಿಗೆ ಲಿಖಿತ ಅನುಮತಿ. ನಮ್ಮ ಲೈನಿನ ಮೇಸ್ತ್ರಿಯೊಬ್ಬರು ಲೆಕ್ಕ ಹಾಕಿ, ಒಂದು ಮನೆಗೆ ಒಬ್ಬ ಗಾರೆಯವನ ಒಂದು ದಿನದ ಕೆಲಸ ಎಂದಿದ್ದಾರೆ. ಅರ್ಜಿಗೆ ಆಫೀಸಿನಿಂದ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಮಾತುಕತೆಗೆ ಮನೆಗಳ ಪಟ್ಟಿ ಬೇಕು. ಗೀಸರ್ ಇರುವವರು ಲೈನಿನ ಹೆಸರು, ಮನೆಯ ನಂಬರು, ಬಚ್ಚಲಿನ ಉದ್ದ, ಅಗಲ, ಎತ್ತರ, ಕಿಟಕಿಯ ಅಳತೆ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಭಾನುವಾರ ಪೂಜೆಯ ನಂತರ ನಮ್ಮ ಕೈಗೆ ಕೊಡಿ. ಅಳೆಯಲು ಟೇಪ್ ಇಲ್ಲದವರ ಮನೆಗೆ ನಾವೇ ಬರುತ್ತೇವೆ. ಆ ಮನೆಯ ತಾಯಿ ಹೊತ್ತು ಹೇಳಲಿ, ಆ ಹೊತ್ತಿಗೆ ಬರುತ್ತೇವೆ.